ಮೆಂತ್ಯದ ಘಮದ ವೈನ್, ಮಸಿ ಗೆರೆಯ ಚೀಸ್

ಮಾವಿನಮಿಡಿಯ ಜಾಡಿ ತೆರೆದಾಗ ಉಪ್ಪುನೀರಿನ ಮೇಲೆ ಬಿಳಿ ಕೆನೆಯಂಥದ್ದು ಕಂಡರೆ ನಮ್ಮ ಮನೆಯಲ್ಲಿ ವಿಚಾರಣೆ ಶುರುವಾಗುತ್ತಿತ್ತು. ಒದ್ದೆ ಸೌಟು ಹಾಕಿದ್ದು ಯಾರು, ಬಾಯಿಗೆ ಬಟ್ಟೆ ಬಿಗಿಯದೆ ಇಟ್ಟಿದ್ದು ಯಾರು ಎಂದು. ಅಮ್ಮ ಆ ಪದರವನ್ನು ಎತ್ತಿ ಹಿತ್ತಲಿಗೆ ಚೆಲ್ಲುತ್ತಿದ್ದಳು. ಅದು ಒಂದು ಜಾತಿಯ ಯೀಸ್ಟ್. ಹುಳಿಯ ಮೇಲೆ ಗಾಳಿ ಆಡಿದ ಕಡೆ ತಾನಾಗಿ ಹಬ್ಬುತ್ತದೆ. ಅದರ ದಾಯಾದಿಯೊಂದನ್ನು ಫ್ರಾನ್ಸಿನ ಪೂರ್ವದ ಅಂಚಿನಲ್ಲಿ, ಸ್ವಿಟ್ಜರ್‌ಲ್ಯಾಂಡಿಗೆ ತಾಗಿಕೊಂಡ ಜುರಾ ಎಂಬ ಗುಡ್ಡಸೀಮೆಯಲ್ಲಿ, ಆರು ವರ್ಷ ಕೈ ಮುಟ್ಟಿಸದೆ ಸಾಕುತ್ತಾರೆ. ಜಾಡಿಯಲ್ಲಲ್ಲ, ವೈನಿನ ಪೀಪಾಯಿಯಲ್ಲಿ.

ತಂಗಿಯ ಮಗ ದಿಜೋಂ ಊರಿನಲ್ಲಿ ಓದುತ್ತಿದ್ದಾಗ ನಾನು ಅಲ್ಲಿಗೆ ಹೋಗಿದ್ದೆ. ದಿಜೋಂ ಎಂದರೆ ಬರ್ಗಂಡಿ ವೈನಿನ ಹೆಬ್ಬಾಗಿಲು. ಆದರೆ ಅಂಗಡಿಯ ಗಾಜಿನೊಳಗಿನ ಬೆಲೆಚೀಟಿ ನೋಡಿದ ಮೇಲೆ ಇಬ್ಬರೂ ಮಾತಿಲ್ಲದೆ ಮುಂದೆ ನಡೆದೆವು. "ಮಾವ, ರೈಲಲ್ಲಿ ಒಂದೆರಡು ಗಂಟೆ ಆಚೆಗೆ ಹೋದರೆ ಯಾರೂ ಕೇಳಿರದ ವೈನ್ ಸಿಗುತ್ತೆ, ಬರ್ತೀರಾ?" ಅಂದ. ಹಾಗೆ ಹೋದದ್ದು ಆರ್ಬ್ವಾ ಎಂಬ ಪುಟ್ಟ ಪೇಟೆಗೆ. ಬೆಜಾಂಸೋಂನಿಂದ ಲೋಂ ಲ ಸೋನಿಯೇಗೆ ಹೋಗುವ ಸಣ್ಣ ರೈಲುಹಾದಿಯಲ್ಲಿ ಮೂಶಾರ್, ಆರ್ಬ್ವಾ, ಪೊಲಿನ್ಯಿ ಒಂದರ ಹಿಂದೊಂದು ಬರುತ್ತವೆ. ವೈನಿಗೆ ಆರ್ಬ್ವಾ, ಚೀಸಿಗೆ ಪೊಲಿನ್ಯಿ ಎಂದು ನೆನಪಿಟ್ಟುಕೊಂಡರೆ ಸಾಕು. ಪ್ಯಾರಿಸ್ಸಿನಿಂದ ಬರುವವರು ದೋಲ್ ಅಥವಾ ಮೂಶಾರ್‌ನಲ್ಲಿ ಇಳಿದು ಈ ಹಾದಿ ಹಿಡಿಯಬೇಕು.

ಮೊದಲ ಲೋಟದ ಕಥೆ ಹೇಳಿಬಿಡುತ್ತೇನೆ. ಮಾರುವಾಕೆ ಸಣ್ಣ ಲೋಟದಲ್ಲಿ ಎರಡು ಬೆರಳಷ್ಟು ಹೊಂಬಣ್ಣದ ವೈನ್ ಸುರಿದಳು. ಮೂಗಿನ ಹತ್ತಿರ ತಂದೆ. ಕೆಟ್ಟುಹೋಗಿದೆ ಅನ್ನಿಸಿತು. ಸುಮ್ಮನೆ ಮತ್ತೊಮ್ಮೆ ಮೂಸಿದೆ. ಅಕ್ರೋಟಿನ ಸಿಪ್ಪೆ, ಕಾಯಿ ಸೇಬು, ಆಮೇಲೆ ಸ್ಪಷ್ಟವಾಗಿ ಬಾಣಲೆಯಲ್ಲಿ ಹುರಿದ ಮೆಂತ್ಯ. ಹುಳಿಪುಡಿ ಮಾಡುವ ದಿನ ಅಡುಗೆಮನೆಯಿಂದ ಜಗಲಿಯವರೆಗೆ ಬರುತ್ತದಲ್ಲ, ಅದೇ. ಹುಡುಗನಿಗೆ ಹೇಳಿದೆ, ಅವನು ಅನುವಾದಿಸಿದ. ಆಕೆ ತಲೆಯಾಡಿಸಿ "ಹೌದು ಹೌದು, ಕರಿ" ಅಂದಳು. ಅಲ್ಲಿನವರು ಈ ವಾಸನೆಗೆ ಇಟ್ಟ ಹೆಸರು ಕರಿ, ಅಂದರೆ ಡಬ್ಬಿಯಲ್ಲಿ ಬರುವ ಕರಿಪುಡಿ. ಆ ಪುಡಿಯಲ್ಲಿ ಹಾಗೆ ಘಮ್ಮೆನ್ನುವುದು ಮೆಂತ್ಯವೇ ಎಂದು ಅವರಿಗೆ ಹೇಳುವವರು ಬೇಕು, ಅಷ್ಟೇ.

ಇದು ನನ್ನ ಮೂಗಿನ ಭ್ರಮೆಯಲ್ಲ. ಸೊಟೊಲಾನ್ ಎಂಬ ಒಂದು ರಾಸಾಯನಿಕ ಮೆಂತ್ಯದ ಕಾಳಿನ ಮುಖ್ಯ ಘಮ. ಮೆಂತ್ಯದ ಹಿಟ್ಟು ಉಂಡ ಮರುದಿನ ಬೆವರಿಗೂ ಅದೇ ವಾಸನೆ ಹತ್ತುವುದು ಈ ವಸ್ತು ಮೈಯೊಳಗೆ ಹಾಯ್ದು ಹೊರಬರುವುದರಿಂದ. ಅದೇ ಸೊಟೊಲಾನ್ ಈ ವೈನಿನಲ್ಲೂ ವರ್ಷಗಳು ಕಳೆದಂತೆ ಕೂಡಿಕೊಳ್ಳುತ್ತದೆ. ಫ್ರೆಂಚರಲ್ಲೇ ಅನೇಕರು ಮೊದಲ ಗುಟುಕಿಗೆ ಮುಖ ಸಿಂಡರಿಸುವ ವೈನ್ ಇದು. ಹುಳಿಪುಡಿಯ ಮನೆಯಲ್ಲಿ ಬೆಳೆದವನಿಗೆ ಮೂರನೆಯ ಗುಟುಕಿಗೇ ಒಗ್ಗಿತು.

ವೈನಿನ ಹೆಸರು ವ್ಯಾಂ ಜೋನ್, ಹಳದಿ ವೈನ್ ಎಂದು ಅರ್ಥ. ಮಾಡುವುದು ಸಾವಾನ್ಯಾಂ ಎಂಬ ಒಂದೇ ಬಿಳಿ ದ್ರಾಕ್ಷಿಯಿಂದ. ರಸ ಹುದುಗಿ ವೈನ್ ಆದ ಮೇಲೆ ಹಳೆಯ ಓಕ್ ಪೀಪಾಯಿಗೆ ತುಂಬುತ್ತಾರೆ. ಒಂದರಲ್ಲಿ ಹಿಡಿಯುವುದು 228 ಲೀಟರ್. ಬೇರೆ ಊರುಗಳಲ್ಲಿ ಇಲ್ಲಿಂದಾಚೆ ಕಾವಲು ಕೆಲಸ. ಮರದ ಮೂಲಕ ವೈನ್ ಸ್ವಲ್ಪ ಸ್ವಲ್ಪವೇ ಆವಿಯಾಗಿ ಮೇಲೆ ಖಾಲಿ ಜಾಗ ಬೀಳುತ್ತದೆ, ಗಾಳಿ ಸೇರಿದರೆ ವೈನ್ ವಿನೆಗರ್ ಆಗುತ್ತದೆ. ಅದಕ್ಕೇ ಆಗಾಗ ಬೇರೆ ವೈನ್ ಸುರಿದು ಕಂಠಪೂರ್ತಿ ತುಂಬಿಸುತ್ತಾರೆ. ಜುರಾದವರು ವ್ಯಾಂ ಜೋನ್ ಪೀಪಾಯಿಗೆ ಬೇಕೆಂದೇ ಹಾಗೆ ಮಾಡುವುದಿಲ್ಲ. ಖಾಲಿ ಬಿದ್ದ ಜಾಗದಲ್ಲಿ ವೈನಿನ ಮೇಲೆ ಯೀಸ್ಟಿನ ತೆಳುಪೊರೆ ಕಟ್ಟುತ್ತದೆ. ಬೂದುಬಿಳಿ, ಸುಕ್ಕುಸುಕ್ಕು, ಆರಿದ ಹಾಲಿನ ಕೆನೆಯ ಹಾಗೆ. ಅವರು ಅದನ್ನು ವ್ವಾಲ್, ಅಂದರೆ ಮುಸುಕು ಅನ್ನುತ್ತಾರೆ. ಗಾಳಿ ವೈನಿಗೆ ನೇರವಾಗಿ ತಾಗದಂತೆ ಕಾಯುವುದು ಈ ಮುಸುಕೇ. ಕಾಯುತ್ತ ಕಾಯುತ್ತ ತಾನು ಅದರೊಳಗಿನ ಆಲ್ಕೋಹಾಲನ್ನೇ ತಿಂದು ಅಕ್ರೋಟು, ಹಸಿರು ಸೇಬಿನ ವಾಸನೆಗಳನ್ನು ಬಿಡುತ್ತದೆ.

ಮುಸುಕು ಒಂದೊಂದು ಪೀಪಾಯಿಯಲ್ಲಿ ಒಂದೊಂದು ಥರ. ಕೆಲವದರಲ್ಲಿ ಕಟ್ಟುವುದೇ ಇಲ್ಲ, ಕೆಲವದರಲ್ಲಿ ಹರಿದು ವೈನ್ ಹುಳಿಯಾಗುತ್ತದೆ. ಆಗಾಗ ಪ್ರತಿ ಪೀಪಾಯಿಯಿಂದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿ, ದಾರಿ ತಪ್ಪುತ್ತಿರುವುದನ್ನು ಮುಂಚೆಯೇ ಹೊರತೆಗೆಯುತ್ತಾರೆ. ತಣ್ಣನೆಯ ನೆಲಮಾಳಿಗೆಯೇ ಒಳ್ಳೆಯದು ಎಂಬ ಮಾತೂ ಇಲ್ಲಿ ನಡೆಯುವುದಿಲ್ಲ. ಚಳಿಗಾಲದ ಥಂಡಿ, ಬೇಸಿಗೆಯ ಸೆಕೆ ಎರಡೂ ತಾಗುವ, ಗಾಳಿಯಾಡುವ ಜಾಗ ಮುಸುಕಿಗೆ ಹಿತ. ಅಟ್ಟದಲ್ಲಿ ಪೀಪಾಯಿ ಇಡುವವರೂ ಇದ್ದಾರೆ. ಕೊಯ್ಲಿನ ನಂತರದ ಆರನೇ ವರ್ಷದ ಡಿಸೆಂಬರ್ 15ರ ತನಕ ಬಾಟಲಿಗೆ ತುಂಬುವ ಹಾಗಿಲ್ಲ, ಅದರಲ್ಲಿ ಕನಿಷ್ಠ 60 ತಿಂಗಳು ಮುಸುಕಿನ ಕೆಳಗೇ ಇರಬೇಕು ಎಂಬುದು ಕಾನೂನು. 2018ರಲ್ಲಿ ಕೊಯ್ದ ದ್ರಾಕ್ಷಿಯ ವೈನ್ ಅಂಗಡಿಗೆ ಬಂದದ್ದು 2025ಕ್ಕೆ. ಪ್ರತಿ ವರ್ಷ ಫೆಬ್ರವರಿಯ ಮೊದಲ ವಾರಾಂತ್ಯ, ಸರದಿಯ ಮೇಲೆ ಬೇರೆ ಬೇರೆ ಊರಿನಲ್ಲಿ, ಹೊಸ ಪೀಪಾಯಿಗೆ ತೂತು ಹೊಡೆಯುವ ಜಾತ್ರೆ ನಡೆಯುತ್ತದೆ. 1997ರಿಂದ ನಡೆದುಬಂದಿದೆ, ಹೋಗುವವರು ಕೋಣೆಯನ್ನು ತಿಂಗಳುಗಟ್ಟಲೆ ಮೊದಲೇ ಕಾದಿರಿಸಬೇಕು.

ಬಾಟಲಿಯೂ ಬೇರೆಯೇ. ಕ್ಲಾವ್ಲ್ಯಾಂ ಎಂದು ಹೆಸರು. ಗಿಡ್ಡ ಕತ್ತು, ಅಗಲ ಹೆಗಲು, ಹಿಡಿಯುವುದು 62 ಸೆಂಟಿಲೀಟರ್. ಒಂದು ಲೀಟರ್ ವೈನ್ ಆರು ವರ್ಷದಲ್ಲಿ ಆವಿಯಾಗಿ ಉಳಿಯುವುದು ಇಷ್ಟೇ ಎನ್ನುವುದು ಅಲ್ಲಿನವರು ಕೊಡುವ ಲೆಕ್ಕ. ಬೆಲೆ ಸಾಮಾನ್ಯವಾಗಿ 40 ಯೂರೋ ಆಸುಪಾಸು. ಆರು ವರ್ಷ ಜಾಗ ಕಾದ ಪೀಪಾಯಿಗೆ ಇದು ಹೆಚ್ಚೇನಲ್ಲ ಅನ್ನುವುದು ನನ್ನ ಅಭಿಪ್ರಾಯ, ಹುಡುಗನದ್ದಲ್ಲ. ಈ ವೈನಿನ ಆಯಸ್ಸೂ ಸಾಮಾನ್ಯದ್ದಲ್ಲ: 1774ರ ಒಂದು ಬಾಟಲಿ 2018ರಲ್ಲಿ ಲೋಂ ಲ ಸೋನಿಯೇಯ ಹರಾಜಿನಲ್ಲಿ ಒಂದು ಲಕ್ಷ ಯೂರೋ ದಾಟಿತು.

ಈಗ ಹೊಸಬರು ಎಡವುವ ಜಾಗ. ಜುರಾದಲ್ಲಿ ಬರಿದೇ "ಬಿಳಿ ವೈನ್ ಕೊಡಿ" ಎಂದರೆ ಎರಡು ಪೂರಾ ಬೇರೆ ಜಾತಿಯಲ್ಲಿ ಯಾವುದಾದರೂ ಸಿಗಬಹುದು. ಪೀಪಾಯಿ ತುಂಬಿಸುತ್ತ ಬೆಳೆಸಿದ್ದಕ್ಕೆ ಉಯ್ಯೇ ಎನ್ನುತ್ತಾರೆ. ಅದು ನಿಂಬೆ, ಹೂವಿನ ಕಡೆಯದು, ಯಾರಿಗೂ ಹಿಡಿಸುತ್ತದೆ. ತುಂಬಿಸದೆ ಬಿಟ್ಟದ್ದು ಸೂ ವ್ವಾಲ್, ಮುಸುಕಿನ ಕೆಳಗಿನದು. ಕೆಲವು ಲೇಬಲ್ಲಿನಲ್ಲಿ "ತ್ರಾದಿಸ್ಯೋಂ" ಎಂದಷ್ಟೇ ಇರುತ್ತದೆ. ಎರಡೂ ಒಂದೇ ದ್ರಾಕ್ಷಿಯದ್ದಾಗಿರಬಹುದು, ಒಂದೇ ತೋಟದ್ದೂ ಆಗಿರಬಹುದು. ನೇರ ವ್ಯಾಂ ಜೋನ್‌ಗೆ ಹಾರುವ ಬದಲು ಎರಡು ಮೂರು ವರ್ಷ ಮುಸುಕಿನ ಕೆಳಗಿದ್ದ ಸಾವಾನ್ಯಾಂ ಒಂದು ಲೋಟ ತೆಗೆದುಕೊಳ್ಳಿ. ದುಡ್ಡು ಅರ್ಧ, ಆಘಾತವೂ ಅರ್ಧ.

ರುಚಿ ನೋಡಿಸುವ ಕ್ರಮವೂ ಅಲ್ಲಿ ತಲೆಕೆಳಗು. ಬಿಳಿ ಮೊದಲು, ಕೆಂಪು ಆಮೇಲೆ ಎನ್ನುವುದು ಲೋಕರೂಢಿ. ಜುರಾದಲ್ಲಿ ಕೆಂಪು ಮೊದಲು. ಅಲ್ಲಿನ ಪೂಲ್ಸಾರ್ ದ್ರಾಕ್ಷಿಯ ಕೆಂಪು ವೈನ್ ನಮ್ಮ ಪುನರ್ಪುಳಿ ಶರಬತ್ತಿನಷ್ಟು ತೆಳು, ಲೋಟದ ಆಚೆ ಇಟ್ಟ ಬೆರಳು ಕಾಣುತ್ತದೆ. ತ್ರೂಸೋ ಅದಕ್ಕಿಂತ ಕೊಂಚ ಗಟ್ಟಿ. ಆಮೇಲೆ ಉಯ್ಯೇ, ಆಮೇಲೆ ಮುಸುಕಿನದು, ವ್ಯಾಂ ಜೋನ್ ಕೊನೆಗೆ. ಅದನ್ನು ನುಂಗಿದ ಮೇಲೆ ಬಾಯಿಗೆ ಬೇರೆ ಏನೂ ಹತ್ತುವುದಿಲ್ಲ. ಇನ್ನೂ ಬೇಕೆಂದರೆ ಸಿಹಿಯದೊಂದಿದೆ, ವ್ಯಾಂ ದ ಪಾಯ್: ಗೊಂಚಲುಗಳನ್ನು ಹುಲ್ಲಿನ ಮೇಲೋ ತಟ್ಟಿಯ ಮೇಲೋ ವಾರಗಟ್ಟಲೆ ಒಣಗಿಸಿ, ಅರ್ಧ ಒಣದ್ರಾಕ್ಷಿಯಾದ ಮೇಲೆ ಹಿಂಡಿದ್ದು. ಸಣ್ಣ ಬಾಟಲಿ, ದೊಡ್ಡ ಬೆಲೆ.

ಲೋಟದ ಪಕ್ಕ ಇಡುವ ಮಡಕೆಯಂಥ ಪಾತ್ರೆ ಉಗುಳುವುದಕ್ಕೆ. ನಾಚಬೇಡಿ, ಅಲ್ಲಿನವರೇ ಉಗುಳುತ್ತಾರೆ. ಕಾರು ಓಡಿಸುವವರಿಗಂತೂ ಬೇರೆ ದಾರಿಯಿಲ್ಲ. ಫ್ರಾನ್ಸಿನಲ್ಲಿ ರಕ್ತದ ಲೀಟರಿಗೆ ಅರ್ಧ ಗ್ರಾಂ ಆಲ್ಕೋಹಾಲ್ ಮುಟ್ಟಿದರೆ ದಂಡ. ಶಾತೋ ಶಾಲೋಂ ನೋಡಬೇಕೆಂದರೆ ಕಾರು ಬೇಕೇ ಬೇಕು, ಗುಡ್ಡದ ನೆತ್ತಿಯ ಆ ಹಳ್ಳಿಗೆ ರೈಲಿಲ್ಲ. ಹೆಸರಿನಲ್ಲಿ ಕೋಟೆ ಇದ್ದರೂ ಅದು ಊರಿನ ಹೆಸರು. ಒಂದು ಕಾಲಕ್ಕೆ ಸನ್ಯಾಸಿನಿಯರ ಮಠವಿದ್ದ ಜಾಗ. ಆ ಹೆಸರಿನಲ್ಲಿ ವ್ಯಾಂ ಜೋನ್ ಬಿಟ್ಟು ಬೇರೇನನ್ನೂ ಮಾರುವ ಹಾಗಿಲ್ಲ. ಕೊಯ್ಲಿಗೆ ಮೊದಲು ಪರಿಶೀಲಕರು ತೋಟಗಳನ್ನು ನೋಡಿ ಹೋಗುತ್ತಾರೆ. 1974, 1980, 1984, 2001ರಲ್ಲಿ ಬೆಳೆ ಯೋಗ್ಯವಲ್ಲವೆಂದು ಆ ವರ್ಷಗಳ ಶಾತೋ ಶಾಲೋಂ ಬರಲೇ ಇಲ್ಲ. ಅಂಗಡಿಯಲ್ಲಿ ಯಾರಾದರೂ 2001ರದ್ದು ಎಂದು ತೋರಿಸಿದರೆ ನಕ್ಕು ಬನ್ನಿ.

ಲೂಯಿ ಪಾಶ್ಚರ್ ಹುಟ್ಟಿದ್ದು ದೋಲ್‌ನಲ್ಲಿ, 1822ರಲ್ಲಿ, ಬೆಳೆದದ್ದು ಆರ್ಬ್ವಾದಲ್ಲಿ. ವೈನ್ ಯಾಕೆ ಕೆಡುತ್ತದೆ ಎಂಬ ಅವನ ಅಧ್ಯಯನ ನಡೆದದ್ದೂ ಇದೇ ಊರಿನ ವೈನುಗಳ ಮೇಲೆ. 1866ರಲ್ಲಿ ಅದನ್ನು ಪುಸ್ತಕವಾಗಿ ತಂದ. ನಮ್ಮ ಹಾಲಿನ ಪ್ಯಾಕೆಟ್ಟಿನ ಮೇಲೆ ಪಾಶ್ಚರೀಕರಿಸಿದ್ದು ಎಂದು ಬರೆಯುತ್ತಾರಲ್ಲ, ಆ ಹೆಸರಿನ ಮೂಲ ಈ ಬೀದಿಯಲ್ಲಿದೆ. ಅವನ ಮನೆ ಈಗ ವಸ್ತುಸಂಗ್ರಹಾಲಯ. ತಮಾಷೆಯೆಂದರೆ ಅದೇ ನೆಲದ ಹೆಮ್ಮೆಯ ಚೀಸನ್ನು ಪಾಶ್ಚರೀಕರಿಸದ ಹಸಿ ಹಾಲಿನಿಂದಲೇ ಮಾಡಬೇಕೆಂದು ಕಾನೂನು.

ಆ ಚೀಸು ಕೋಂತೆ. ಒಂದು ಗಾಲಿ ಸುಮಾರು 40 ಕಿಲೋ, ಅದಕ್ಕೆ ಬೇಕಾದ ಹಾಲು ಸುಮಾರು 400 ಲೀಟರ್. ಇಷ್ಟು ದೊಡ್ಡದು ಯಾಕೆ ಎಂದರೆ ಹಿಮ. ತಿಂಗಳುಗಟ್ಟಲೆ ದಾರಿ ಮುಚ್ಚುವ ನಾಡಿನಲ್ಲಿ ಬೇಸಿಗೆಯ ಹಾಲನ್ನು ಚಳಿಗಾಲಕ್ಕೆ ಉಳಿಸಿಕೊಳ್ಳಲು ದೊಡ್ಡ, ಗಟ್ಟಿ, ಬಹಳ ಕಾಲ ಬಾಳುವ ಚೀಸು ಬೇಕಿತ್ತು. ಒಂದು ಮನೆಯ ನಾಲ್ಕು ಹಸುವಿನ ಹಾಲು ಅದಕ್ಕೆ ಎಲ್ಲಿ ಸಾಲಬೇಕು? ಊರಿನವರೆಲ್ಲ ಹಾಲು ಒಟ್ಟುಹಾಕಿದರು. ಹದಿಮೂರನೇ ಶತಮಾನದ ದಾಖಲೆಯಲ್ಲೇ ಈ ಪದ್ಧತಿಯ ಸುಳಿವಿದೆ. ಆ ಕೂಟಕ್ಕೆ ಫ್ರುಯಿತಿಯೇರ್ ಎಂದು ಹೆಸರು. ನಮ್ಮ ಹಳ್ಳಿಯ ಹಾಲಿನ ಡೇರಿಯೇ ಸರಿ, ಹಾಲು ಪೇಟೆಗೆ ಹೋಗದೆ ಅಲ್ಲೇ ಚೀಸಾಗುತ್ತದೆ ಎನ್ನುವುದೊಂದು ವ್ಯತ್ಯಾಸ. ಹೆಚ್ಚಿನ ಕಡೆ ಗಾಜಿನ ಆಚೆ ನಿಂತು ಕೆಲಸ ನೋಡಬಹುದು, ಆದರೆ ಬೆಳಿಗ್ಗೆಯೇ ಹೋಗಬೇಕು. ತಾಮ್ರದ ಹಂಡೆಯಲ್ಲಿ ಹೆಪ್ಪುಗಟ್ಟಿದ ಹಾಲನ್ನು ತಂತಿಯ ಅಲಗುಗಳಿಂದ ಗೋಧಿಕಾಳಿನಷ್ಟು ಸಣ್ಣಗೆ ಕತ್ತರಿಸಿ, 53 ಡಿಗ್ರಿಗಿಂತ ಮೇಲೆ ಬಿಸಿ ಮಾಡಿ, ಅಚ್ಚಿಗೆ ಸುರಿದು ಒತ್ತುತ್ತಾರೆ.

ಹಾಲು ಕೊಡುವುದು ಬಹುಮಟ್ಟಿಗೆ ಮೊಂಬೆಲಿಯಾರ್ದ್ ಎಂಬ ಕೆಂಪು ಬಿಳಿ ಮಚ್ಚೆಯ ಹಸು. ಅದಕ್ಕೆ ಹಸಿ ಹುಲ್ಲು, ಒಣಹುಲ್ಲು ಸರಿ. ಗುಂಡಿಯಲ್ಲಿ ಮುಚ್ಚಿ ಹುದುಗಿಸಿದ ರಸಮೇವು ನಿಷಿದ್ಧ. ರಸಮೇವಿನಿಂದ ಹಾಲಿಗೆ ಸೇರುವ ಒಂದು ಬಗೆಯ ಬ್ಯಾಕ್ಟೀರಿಯಾ ಗಾಲಿಯೊಳಗೆ ತಿಂಗಳು ಕಳೆದ ಮೇಲೆ ಎಚ್ಚೆತ್ತು ಗಾಳಿ ಬಿಡುತ್ತದೆ, ಚೀಸು ಉಬ್ಬಿ ಸೀಳುತ್ತದೆ. ಬೇಸಿಗೆಯ ಹಸಿ ಹುಲ್ಲಿನ ಕೋಂತೆ ಹಳದಿ, ಚಳಿಗಾಲದ ಒಣಹುಲ್ಲಿನದು ದಂತದ ಬಣ್ಣ. ಬಣ್ಣ ಹಾಕಿರುವುದಿಲ್ಲ, ಹುಲ್ಲಿನದೇ ಅದು.

ಕೋಂತೆಯ ಬದುಕಿನ ದೊಡ್ಡ ಭಾಗ ಕತ್ತಲಲ್ಲಿ. ಕನಿಷ್ಠ ನಾಲ್ಕು ತಿಂಗಳು, ಎರಡು ವರ್ಷದವರೆಗೂ, ಇನ್ನೂ ಮುಂದಕ್ಕೂ, ಸ್ಪ್ರೂಸ್ ಮರದ ಹಲಗೆಗಳ ಮೇಲೆ ಕೂತು ಮಾಗುತ್ತದೆ. ಸಾಂತ್ ಆಂತ್ವಾನ್ ಎಂಬಲ್ಲಿ ಹತ್ತೊಂಬತ್ತನೇ ಶತಮಾನದ ಸೈನಿಕ ಕೋಟೆಯೊಂದಿದೆ. 1966ರಿಂದ ಅದರೊಳಗೆ ತುಂಬಿರುವುದು ಕೋಂತೆಯ ಗಾಲಿಗಳು. ಮಾಗಿಸುವವನ ಕೈಯಲ್ಲಿ ಒಂದು ಸಣ್ಣ ಸಲಾಕೆ. ಅದರ ಹಿಡಿಯಿಂದ ಗಾಲಿಯ ಮೇಲೆ ಟಕ್ ಟಕ್ ಎಂದು ತಟ್ಟಿ ಕಿವಿಗೊಡುತ್ತಾನೆ. ಹಲಸಿನಹಣ್ಣು ತಟ್ಟಿ ನೋಡುವವರಿಗೆ ಇದನ್ನು ವಿವರಿಸಬೇಕಿಲ್ಲ. ಒಳಗೆ ಬಿರುಕಿದ್ದರೆ ಸದ್ದು ಟೊಳ್ಳು. ಸಂಶಯ ಬಂದರೆ ಸಲಾಕೆ ಚುಚ್ಚಿ ಬೆರಳುದ್ದ ಚೀಸು ಹೊರತೆಗೆದು, ಮುರಿದು, ಮೂಸಿ, ಉಳಿದ ತುದಿಯನ್ನು ತೂತಿಗೇ ಮರಳಿ ಇಟ್ಟು ಬೆರಳಿಂದ ಒತ್ತಿ ಮುಚ್ಚುತ್ತಾನೆ. ಕೊನೆಗೆ ಇಪ್ಪತ್ತಕ್ಕೆ ಅಂಕ. ಹದಿನಾಲ್ಕರ ಮೇಲೆ ಬಂದರೆ ಅಂಚಿಗೆ ಹಸಿರು ಪಟ್ಟಿ, ಹನ್ನೆರಡರ ಮೇಲಿದ್ದರೆ ಕಂದು ಪಟ್ಟಿ, ಅದಕ್ಕೂ ಕಡಿಮೆಯಾದರೆ ಕೋಂತೆ ಎಂಬ ಹೆಸರೇ ಇಲ್ಲ. ಕಂದು ಪಟ್ಟಿಯದ್ದು ಕೆಟ್ಟದ್ದೇನೂ ಅಲ್ಲ, ರೂಪದಲ್ಲಿ ಸಣ್ಣ ಊನ ಇದ್ದರೂ ಅಂಕ ಹೋಗುತ್ತದೆ.

ಅಂಗಡಿಯಲ್ಲಿ ಎಷ್ಟು ತಿಂಗಳಿನದು ಎಂದು ಕೇಳಿ. ಹೇಳುತ್ತಾರೆ, ಕೇಳದಿದ್ದರೂ ಒಂದು ಚೂರು ಕತ್ತರಿಸಿ ಕೊಡುತ್ತಾರೆ. ಎಂಟು ತಿಂಗಳಿನದರಲ್ಲಿ ಹಾಲು, ಬೆಣ್ಣೆ. ಎರಡು ವರ್ಷದ್ದರಲ್ಲಿ ಹುರಿದ ಬೀಜ, ಸಾರಿನ ತಿಳಿ, ಹಲ್ಲಿಗೆ ಸಿಗುವ ಕರಕರ ಹರಳು. ಅದು ಉಪ್ಪಿನ ಹರಳಲ್ಲ. ಪ್ರೋಟೀನ್ ಒಡೆದು ಆದದ್ದು, ಹಣ್ಣಾದ ಚೀಸಿನ ಗುರುತು. ಈ ಎರಡು ವರ್ಷದ್ದು, ಒಂದು ಅಕ್ರೋಟು, ವ್ಯಾಂ ಜೋನ್ ಒಂದು ಗುಟುಕು: ಮೂರನ್ನೂ ಒಟ್ಟಿಗೆ ಬಾಯಲ್ಲಿಟ್ಟರೆ ವೈನಿನ ಹುಳಿ ಚೀಸಿನ ಜಿಡ್ಡನ್ನು ಕತ್ತರಿಸುತ್ತದೆ, ಚೀಸು ವೈನಿನ ಚೂಪನ್ನು ಮಟ್ಟಹಾಕುತ್ತದೆ. ವೈನನ್ನು ಫ್ರಿಜ್ಜಿನಿಂದ ನೇರ ಸುರಿಯಬೇಡಿ. ಹದಿನೈದು ಡಿಗ್ರಿ ಆಸುಪಾಸು ಇರಲಿ, ಕೆಲವು ಗಂಟೆ ಮೊದಲೇ ಬಿರಡೆ ತೆಗೆದಿಡಿ.

ಕೋಂತೆಯ ಪಕ್ಕದಲ್ಲಿ ಅಡ್ಡಕ್ಕೆ ಕರಿ ಗೆರೆ ಎಳೆದ ಚೀಸು ಕಂಡರೆ ಅದು ಮೊರ್ಬಿಯೇ. ಸಂಜೆಯ ಹಾಲಿನ ಹೆಪ್ಪು ಅಚ್ಚಿಗೆ ಅರ್ಧವೇ ಆದಾಗ, ಬೆಳಗಾಗುವವರೆಗೆ ಹುಳ ಕೂರದಿರಲಿ ಎಂದು ಹಂಡೆಯ ತಳದ ಮಸಿ ಬಳಿದು, ಮರುದಿನದ ಹೆಪ್ಪನ್ನು ಅದರ ಮೇಲೆ ಹಾಕುತ್ತಿದ್ದರಂತೆ. ಈಗ ಒಂದೇ ಹೊತ್ತಿನ ಹಾಲು, ಮಸಿಯ ಬದಲು ಇದ್ದಿಲ ಪುಡಿ. ಗೆರೆ ಮಾತ್ರ ಉಳಿದಿದೆ. ಸೆಪ್ಟೆಂಬರ್ 10ರಿಂದ ಮೇ 10ರ ನಡುವೆ ಹೋದರೆ ಮೋಂ ದೋರ್ ಬಿಡಬೇಡಿ. ಶರತ್ಕಾಲಕ್ಕೆ ಹಾಲು ಇಳಿದು ದೊಡ್ಡ ಗಾಲಿಗೆ ಸಾಲದಾದಾಗ ಹುಟ್ಟಿದ ಸಣ್ಣ ಚೀಸು ಅದು. ತೀರಾ ಮೆತ್ತಗಾದ್ದರಿಂದ ಸ್ಪ್ರೂಸ್ ತೊಗಟೆಯ ಪಟ್ಟಿ ಬಿಗಿದು ಮರದ ಡಬ್ಬಿಯಲ್ಲಿ ಮಾರುತ್ತಾರೆ. ಡಬ್ಬಿ ಸಮೇತ ಓವನ್ನಿನಲ್ಲಿಟ್ಟು, ಮೇಲೆ ಬೆಳ್ಳುಳ್ಳಿ ಚುಚ್ಚಿ ಸ್ವಲ್ಪ ವೈನ್ ಸುರಿದು ಬೇಯಿಸಿ ಆಲೂಗಡ್ಡೆಯ ಜೊತೆ ತಿನ್ನುತ್ತಾರೆ. ಕಾಂಕೊಯೋತ್ ಎಂಬ ನೀರುನೀರಾದ ಚೀಸೂ ಒಂದಿದೆ, ಅಂಟಿನ ಹಾಗೆ. ನನಗೆ ಅದು ಹತ್ತಲಿಲ್ಲ.

ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಬೇಕು, ಯಾಕೆಂದರೆ ಅಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ಕೋಂತೆಯ ಹಾಲು ಒಡೆಸಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಇದು ಅಲ್ಲಿನ ನಿಯಮ, ಒಬ್ಬರು ಬಳಸಿ ಇನ್ನೊಬ್ಬರು ಬಿಡುವ ಮಾತಲ್ಲ. ಫ್ರಾನ್ಸಿನ ಹಳೆಯ ಊರಚೀಸುಗಳಲ್ಲಿ ಬಹುಪಾಲು ಹೀಗೆಯೇ. "ಚೀಸಲ್ವಾ, ಹಾಲಿನದ್ದು" ಎಂದು ತಿಂದು ಬಂದ ನಮ್ಮವರು ಎಷ್ಟೋ ಜನ. ನಿಷ್ಠೆ ಇರುವವರು ಚೀಸಿನ ಅಂಗಡಿಯನ್ನು ನೋಡಿ, ವೈನಿನ ಜೊತೆ ಅಕ್ರೋಟು ತಿನ್ನಬಹುದು. ಅಕ್ರೋಟು ಅಲ್ಲಿನದು ಬಲು ಚೆನ್ನ.

ಹೋಗುವ ದಿನವನ್ನೂ ನೋಡಿಕೊಳ್ಳಿ. ನಾವು ಎರಡನೇ ಸಲ ಹೋದದ್ದು ಸೋಮವಾರ. ಒಂದು ಊರಿನ ಬೀದಿಯಲ್ಲಿ ತೆರೆದಿದ್ದದ್ದು ಚರ್ಚು ಮಾತ್ರ. ಉಳಿದ ದಿನಗಳಲ್ಲೂ ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಊಟಕ್ಕೆ ಬಾಗಿಲು ಹಾಕುತ್ತಾರೆ, ಹೊರಗೆ ನಿಂತು ಕದ ತಟ್ಟಿದರೆ ತೆರೆಯುವ ಜನವಲ್ಲ. ಸಣ್ಣ ವೈನುಗಾರರ ಮನೆಗೆ ಹೋಗುವುದಾದರೆ ಮುಂಚೆಯೇ ಫೋನ್ ಮಾಡಿ ಹೇಳಬೇಕು.

ಊರಿಗೆ ತರುವವರು ಚೀಸಿನ ಅಂಗಡಿಯಲ್ಲಿ "ಸೂ ವೀದ್" ಎಂದರೆ ಗಾಳಿ ತೆಗೆದು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕೊಡುತ್ತಾರೆ. ಗಟ್ಟಿ ಕೋಂತೆ ಆ ಕಟ್ಟಿನಲ್ಲಿ ಪ್ರಯಾಣ ತಡೆಯುತ್ತದೆ, ಮೋಂ ದೋರ್ ತಡೆಯುವುದಿಲ್ಲ. ಮನೆಗೆ ಬಂದ ಮೇಲೆ ಪ್ಲಾಸ್ಟಿಕ್ ಬಿಚ್ಚಿ ಕಾಗದದಲ್ಲಿ ಸುತ್ತಿಡಿ, ಇಲ್ಲದಿದ್ದರೆ ಬೆವರುತ್ತದೆ. ವ್ಯಾಂ ಜೋನ್ ಅಂತೂ ಬಾಟಲಿ ತೆರೆದ ಮೇಲೂ ಫ್ರಿಜ್ಜಿನಲ್ಲಿ ವಾರಗಟ್ಟಲೆ ಹಾಗೇ ಇರುತ್ತದೆ. ಆರು ವರ್ಷ ಗಾಳಿಯ ಜೊತೆಯೇ ಬದುಕಿದ್ದಕ್ಕೆ ಇನ್ನೊಂದು ತಿಂಗಳ ಗಾಳಿ ಏನು ಮಾಡೀತು? ಸುಂಕವಿಲ್ಲದೆ ನಮ್ಮ ದೇಶಕ್ಕೆ ತರಬಹುದಾದದ್ದು ಒಬ್ಬರಿಗೆ ಎರಡು ಲೀಟರ್ ಮದ್ಯ. ಮಾಮೂಲಿ ಮುಕ್ಕಾಲು ಲೀಟರಿನ ಬಾಟಲಿಯಾದರೆ ಎರಡಕ್ಕೆ ನಿಲ್ಲಬೇಕು. ಕ್ಲಾವ್ಲ್ಯಾಂ ಮೂರು ಹಿಡಿಯುತ್ತವೆ, 1.86 ಲೀಟರ್. ಮಿಕ್ಕ 140 ಮಿಲಿಲೀಟರಿಗೆ ಸರಿಹೊಂದುವ ಬಾಟಲಿ ಇದೆಯೇ ಎಂದು ಹುಡುಗನ ಕೈಲಿ ಕೇಳಿಸಿದೆ. ಇರಲಿಲ್ಲ.